ಏಳು ಸಿನಿಮಾ ಎತ್ತಿದ ಹುಬ್ಬು

ಷರತ್ತು ಹಾಕಿದ್ದು ಹುಬ್ಬೇ. ಮಾತೇನಿದ್ದರೂ ಏಳು ಸಿನಿಮಾಗಳ ಬಗ್ಗೆ ಮಾತ್ರ. ಬಲ ಹುಬ್ಬಿನ ಅಭಿಪ್ರಾಯ ಕೇಳಕೂಡದು. ಶಾನ್ ಕಾನರಿ ಎಂಬ ಹೆಸರು ಕಿವಿಗೆ ಬಿದ್ದರೆ ಸಂದರ್ಶನ ಅಲ್ಲಿಗೇ ಮುಕ್ತಾಯ. ವರದಿಗಾರ್ತಿ ಮೂರಕ್ಕೂ ತಲೆಯಾಡಿಸಿದಳು. ಹುಬ್ಬು ಅರ್ಧ ಅಂಗುಲ ಮೇಲೇರಿ ‘ಇನ್ನು ಶುರುಮಾಡಿ’ ಎಂಬ ಅಪ್ಪಣೆ ಕೊಟ್ಟಿತು.

ಇದು ರೋಜರ್ ಮೂರ್ ಅವರ ಎಡ ಹುಬ್ಬು. 1973ರಿಂದ 1985ರವರೆಗೆ ಏಳು ಚಿತ್ರಗಳಲ್ಲಿ ಮೂರ್ ಜೇಮ್ಸ್ ಬಾಂಡ್ ಆಗಿದ್ದರು. ತಮ್ಮ ನಟನೆಯ ಬಗ್ಗೆ ಅವರೇ ಒಂದು ತಮಾಷೆ ಹೇಳುತ್ತಿದ್ದರು: ತಮಗೆ ಬರುವುದು ಮೂರೇ ಭಾವ. ಎಡ ಹುಬ್ಬು ಏರಿಸುವುದು, ಬಲ ಹುಬ್ಬು ಏರಿಸುವುದು, ಉಕ್ಕಿನ ಹಲ್ಲಿನ ಜಾಸ್ ಬಂದು ಹಿಡಿದುಕೊಂಡಾಗ ಎರಡನ್ನೂ ಗಂಟಿಕ್ಕುವುದು. ಲೋಕ ಅದನ್ನು ಕೇಳಿ ನಕ್ಕಿತು. ಎಡ ಹುಬ್ಬು ಮಾತ್ರ ಅದನ್ನು ಸೇವಾ ಪ್ರಮಾಣಪತ್ರವೆಂದೇ ಜೋಪಾನವಾಗಿ ಇಟ್ಟುಕೊಂಡಿದೆ.

“ಯಜಮಾನರು 2017ರ ಮೇನಲ್ಲಿ ಹೋದ ಮೇಲೆ ನಾನು ನಿವೃತ್ತ. ಪಿಂಚಣಿ ಇಲ್ಲ, ರಾಯಲ್ಟಿಯೂ ಇಲ್ಲ” ಎಂದಿತು ಹುಬ್ಬು. “ಪಟ್ಟಿ ಕೇಳಿದಿರಲ್ಲ, ಬರೆದುಕೊಳ್ಳಿ. ಮೊದಲನೆಯ ಸ್ಥಾನ ಮೂನ್‌ರೇಕರ್.”

ವರದಿಗಾರ್ತಿಯ ಪೆನ್ನು ಅಲ್ಲಿಗೇ ನಿಂತಿತು. ಮೂನ್‌ರೇಕರ್ ಎಂದರೆ 1979ರ ಚಿತ್ರ. ಅದರ ಹಿಂದಿನ ಸಿನಿಮಾದ ಕೊನೆಯಲ್ಲಿ ‘ಬಾಂಡ್ ಮತ್ತೆ ಬರುವುದು ಫಾರ್ ಯುವರ್ ಐಸ್ ಓನ್ಲಿಯಲ್ಲಿ’ ಎಂದು ತೆರೆಯ ಮೇಲೆಯೇ ವಾಗ್ದಾನ ಕೊಟ್ಟಿದ್ದರು. ಅಷ್ಟರಲ್ಲಿ ಸ್ಟಾರ್ ವಾರ್ಸ್ ದುಡ್ಡು ಬಾಚಿತು. ನಿರ್ಮಾಪಕರು ಕೊಟ್ಟ ಮಾತನ್ನು ಪಕ್ಕಕ್ಕಿಟ್ಟು ಬಾಂಡನನ್ನು ಬಾಹ್ಯಾಕಾಶಕ್ಕೆ ಕಳಿಸಿಬಿಟ್ಟರು. ವೆನಿಸ್‌ನ ಕಾಲುವೆಯಲ್ಲಿ ಹೋಗುತ್ತಿದ್ದ ದೋಣಿ ದಡ ಹತ್ತಿ ಸೇಂಟ್ ಮಾರ್ಕ್ಸ್ ಚೌಕದಲ್ಲಿ ತೇಲುತ್ತ ಸಾಗುತ್ತದೆ. ಅದನ್ನು ಕಂಡ ಪಾರಿವಾಳವೊಂದು ಬೆರಗಾಗಿ ಮತ್ತೆ ತಿರುಗಿ ನೋಡುತ್ತದೆ. ರೀಲನ್ನು ಹಿಂದೆ ಮುಂದೆ ಓಡಿಸಿ ಪಾರಿವಾಳದ ಕೈಯಲ್ಲೂ ನಟನೆ ಮಾಡಿಸಿದ್ದರು.

“ಆ ಪಾರಿವಾಳದ ಕೆಲಸ ನನ್ನದಾಗಬೇಕಿತ್ತು” ಎಂದಿತು ಹುಬ್ಬು, ಹಳೆಯ ಸಿಟ್ಟಿನಲ್ಲಿ. “ಹೋಗಲಿ ಬಿಡಿ. ಚಿತ್ರ ಜಗತ್ತಿನಾದ್ಯಂತ 21 ಕೋಟಿ ಡಾಲರ್ ಗಳಿಸಿತು. 1995ರಲ್ಲಿ ಗೋಲ್ಡನ್‌ಐ ಬರುವ ತನಕ ಬಾಂಡ್ ಚಿತ್ರಗಳಲ್ಲಿ ಅದೇ ದಾಖಲೆ. ಇಡೀ ಚಿತ್ರದಲ್ಲಿ ನನಗೆ ಬಿಡುವೇ ಇರಲಿಲ್ಲ.”

ಅಂದರೆ ಸಾರ್ ಪಟ್ಟಿ ಮಾಡುತ್ತಿರುವುದು ಸಿನಿಮಾದ ಗುಣ ನೋಡಿಯೋ, ತಮ್ಮ ಹಾಜರಿ ನೋಡಿಯೋ ಎಂದು ಆಕೆ ಕೇಳಿದಳು.

“ಎರಡೂ ಒಂದೇ ಅಲ್ಲವೇ?”

ಅಲ್ಲ ಎಂದು ತೋರಿಸಲು ಆಕೆ ಅದೇ ಚಿತ್ರದ ಇನ್ನೊಂದು ದೃಶ್ಯ ನೆನಪಿಸಿದಳು. ಗಗನಯಾತ್ರಿಗಳಿಗೆ ತರಬೇತಿ ಕೊಡುವ ಗಿರಗಿರ ಯಂತ್ರದಲ್ಲಿ ಬಾಂಡನನ್ನು ಕೂರಿಸಿ ಖಳನ ಕಡೆಯವನು ವೇಗ ಏರಿಸುತ್ತ ಹೋಗುತ್ತಾನೆ. ಚಿತ್ರೀಕರಣದಲ್ಲಿ ಮೂರ್ ಮುಖಕ್ಕೆ ರಭಸದ ಗಾಳಿ ಹೊಡೆಸಿ ಕೆನ್ನೆ ಅದುರುವಂತೆ ಮಾಡಿದ್ದರು. ಯಂತ್ರ ನಿಂತ ಮೇಲೆ ಹೊರಬರುವ ಬಾಂಡ್ ಹೆಜ್ಜೆ ಇಡಲಾರದೆ ತೂರಾಡುತ್ತಾನೆ, ಆಸರೆಗೆಂದು ಚಾಚಿದ ಕೈಯನ್ನು ಸರಿಸಿ ಮಾತಿಲ್ಲದೆ ನಡೆಯುತ್ತಾನೆ. ನಗೆಮಾತಿಲ್ಲ, ಏರಿದ ಹುಬ್ಬೂ ಇಲ್ಲ. ಎರಡು ಗಂಟೆಯ ಆ ಆರ್ಭಟದಲ್ಲಿ ಮನುಷ್ಯನೊಬ್ಬ ನಿಜವಾಗಿ ಹೆದರಿದ್ದು ಅದೊಂದು ಸಲ.

“ಅವತ್ತು ಗಾಳಿ ಜಾಸ್ತಿ ಇತ್ತು” ಎಂದು ಹುಬ್ಬು ವಿಷಯ ಬದಲಿಸಿತು.

ಮಾತು ಮೊದಲನೆಯ ಚಿತ್ರಕ್ಕೆ ಹೊರಳಿತು. ಲಿವ್ ಆಂಡ್ ಲೆಟ್ ಡೈ 1973ರದು. ಚಿತ್ರೀಕರಣ ಶುರುವಾದಾಗ ಮೂರ್‌ಗೆ 45 ವರ್ಷ. ಅವರು ಯಾರ ಜಾಗಕ್ಕೆ ಬಂದರೋ ಆ ಮಹಾಶಯರಿಗಿಂತ (ಷರತ್ತಿನ ಪ್ರಕಾರ ಹೆಸರು ಹೇಳುವಂತಿಲ್ಲ) ವಯಸ್ಸಿನಲ್ಲಿ ಸುಮಾರು ಮೂರು ವರ್ಷ ಹಿರಿಯರು. ಹೋಲಿಕೆಗೆ ಎಡೆಯಾಗದಿರಲಿ ಎಂದು ಮಾರ್ಟೀನಿ ಬಿಡಿಸಿ ಬೂರ್ಬನ್ ಹಿಡಿಸಿದರು, ಗ್ಯಾಜೆಟ್ ಕೊಡುವ ಕ್ಯೂನನ್ನೂ ಆ ಒಂದು ಚಿತ್ರದಿಂದ ಹೊರಗಿಟ್ಟರು. ಮೊಸಳೆಗಳ ಬೆನ್ನ ಮೇಲೆ ಕಾಲಿಟ್ಟು ಓಡುವ ದೃಶ್ಯವನ್ನು ಮಾಡಿದ್ದು ಜಮೈಕಾದಲ್ಲಿ ಮೊಸಳೆ ಫಾರಂ ನಡೆಸುತ್ತಿದ್ದ ರಾಸ್ ಕನಂಗಾ. ಐದನೆಯ ಪ್ರಯತ್ನಕ್ಕೆ ದಡ ಸೇರಿದ. ಚಿತ್ರತಂಡ ಅವನ ಹೆಸರನ್ನೇ ಖಳನಾಯಕನಿಗೆ ಇಟ್ಟಿತು. ಆ ಖಳನಾಯಕ ಕೊನೆಗೆ ಬಲೂನಿನಂತೆ ಉಬ್ಬಿ, ಚಾವಣಿಗೆ ತಾಗಿ ಟಪ್ಪೆಂದು ಒಡೆಯುತ್ತಾನೆ. ಮೊಸಳೆಗೆ ಜೀವ ಒತ್ತೆಯಿಟ್ಟವನ ಹೆಸರಿಗೆ ಸಂದ ಗೌರವ ಇದು.

ಗೂಢಚಾರನ ಅವತಾರದಲ್ಲಿ ಕನ್ನಡದವರೇ ಮುಂದಿದ್ದರಲ್ಲ ಎಂದು ಆಕೆ ಇಲ್ಲಿ ಒಂದು ಚಿಟಿಕೆ ಒಗ್ಗರಣೆ ಹಾಕಿದಳು. ದೊರೆ-ಭಗವಾನ್ ನಿರ್ದೇಶನದಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿ ‘ಜೇಡರ ಬಲೆ’ಯಲ್ಲಿ ಬಂದದ್ದು 1968ರಲ್ಲಿ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಮೂರ್ ಕೈಗೆ ಬಾಂಡನ ಪಿಸ್ತೂಲು ಸಿಗುವ ಹೊತ್ತಿಗೆ ರಾಜ್‌ಕುಮಾರ್ ಮೂರು ಮುಗಿಸಿ ಕೂತಿದ್ದರು. ನಾಲ್ಕನೆಯದು, ‘ಆಪರೇಷನ್ ಡೈಮಂಡ್ ರಾಕೆಟ್’, 1978ರಲ್ಲಿ.

“ಅವರದು ನಾಲ್ಕೇ. ನಮ್ಮದು ಏಳು.”

ರಾಜ್‌ಕುಮಾರ್ ಹುಬ್ಬಿಗೆ ಬೇರೆ ಕೆಲಸವೂ ಇತ್ತಲ್ಲ ಸಾರ್ ಎಂದಳು. 1977ರಲ್ಲಿ ನೀವು ಉಕ್ಕಿನ ಹಲ್ಲಿನವನ ಜೊತೆ ಹೊಡೆದಾಡುತ್ತಿದ್ದಾಗ ಆ ಹುಬ್ಬು ಒಂದೇ ವರ್ಷದಲ್ಲಿ ಬಬ್ರುವಾಹನನದೂ ಆಗಿತ್ತು, ಸನಾದಿ ಅಪ್ಪಣ್ಣನದೂ ಆಗಿತ್ತು.

ಇದಕ್ಕೆ ಹುಬ್ಬು ಉತ್ತರಿಸಲಿಲ್ಲ. ಮುಂದಿನ ಪ್ರಶ್ನೆ ಎಂದಿತು.

1974ರ ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್ ಬಗ್ಗೆ ಇಬ್ಬರಿಗೂ ಹೆಚ್ಚು ತಕರಾರಿರಲಿಲ್ಲ. ಕ್ರಿಸ್ಟೋಫರ್ ಲೀ ಅಂಥ ಖಳನಾಯಕನಿದ್ದೂ ಚಿತ್ರ ಸೊರಗಿದೆ. ಮುರಿದ ಸೇತುವೆಯ ಮೇಲಿಂದ ಕಾರು ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಉರುಳಿ ಆಚೆ ದಡದಲ್ಲಿ ನಾಲ್ಕೂ ಚಕ್ರದ ಮೇಲೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಒಂದೇ ಟೇಕ್‌ನಲ್ಲಿ ತೆಗೆದ ಸಾಹಸ. ಅದರ ಹಿನ್ನೆಲೆಗೆ ಸರ್ಕಸ್ ಕೋಡಂಗಿಯ ಪೀಪಿಯಂಥ ಸದ್ದು ಸೇರಿಸಿ ಎಲ್ಲ ಕೆಡಿಸಿದರು. ಸಂಗೀತ ಕೊಟ್ಟ ಜಾನ್ ಬ್ಯಾರಿಯೇ ಮುಂದೆ ಅದಕ್ಕಾಗಿ ಪೇಚಾಡಿಕೊಂಡರು. ಥಾಯ್ಲೆಂಡಿನಲ್ಲಿ ಚಿತ್ರೀಕರಣ ನಡೆದ ಖಾವೊ ಫಿಂಗ್ ಕಾನ್ ಇವತ್ತಿಗೂ ಪ್ರವಾಸಿಗರ ಬಾಯಲ್ಲಿ ಜೇಮ್ಸ್ ಬಾಂಡ್ ದ್ವೀಪ. ಸಿನಿಮಾಕ್ಕಿಂತ ದ್ವೀಪವೇ ಚೆನ್ನಾಗಿ ಓಡುತ್ತಿದೆ.

ಆಕ್ಟೋಪಸಿ ಎಂದೊಡನೆ ಹುಬ್ಬು ಅರಳಿತು. 1983, ಉದಯಪುರ, ಸರೋವರದ ನಡುವಿನ ಲೇಕ್ ಪ್ಯಾಲೇಸ್, ಬೆಟ್ಟದ ಮೇಲಿನ ಸಜ್ಜನಗಢ. ಕಬೀರ್ ಬೇಡಿ ಖಳನ ಬಲಗೈ ಬಂಟ. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಬಾಂಡನ ಸಹಾಯಕನಾಗಿ ಬಂದು ಹಾವಾಡಿಗನ ವೇಷದಲ್ಲಿ ಬಾಂಡ್ ಸಂಗೀತವನ್ನೇ ಊದುತ್ತಾನೆ. ಆಟೊ ಚೇಸ್‌ನಲ್ಲಿ ಅವನು ಟೆನಿಸ್ ರ‍್ಯಾಕೆಟ್ ಬೀಸಿದರೆ ಸುತ್ತಲಿನ ಜನ ಪಂದ್ಯ ನೋಡುವವರಂತೆ ಕತ್ತನ್ನು ಅತ್ತ ಇತ್ತ ತಿರುಗಿಸುತ್ತಾರೆ. ಒಂದು ಕ್ಷಣ ತಾಜ್ ಮಹಲ್, ಮರುಕ್ಷಣ ಉದಯಪುರದ ಘಟ್ಟ. ಆಗ್ರಾದಿಂದ ಮೇವಾಡಕ್ಕೆ ಅಷ್ಟು ಬೇಗ ತಲುಪಿದವರು ಇನ್ನೊಬ್ಬರಿಲ್ಲ. ಕೆಂಡದ ಹಾಸು, ಮೊಳೆಯ ಹಾಸಿಗೆ, ಕತ್ತಿ ನುಂಗುವವನು ಎಲ್ಲ ಒಂದೇ ಬೀದಿಯಲ್ಲಿ. ಜೂಜಿನಲ್ಲಿ ಗೆದ್ದ ನೋಟಿನ ಕಂತೆಯನ್ನು ಭಾರತೀಯ ಸಹೋದ್ಯೋಗಿಗೆ ಕೊಡುತ್ತ ಬಾಂಡ್ ಇದು ಕೆಲವು ವಾರದ ಕರಿಗೆ ಸಾಕು ಎಂಬರ್ಥದ ಮಾತಾಡುತ್ತಾನೆ.

ಆ ಮಾತಿಗೆ ನೀವೂ ಏರಿದಿರಾ ಎಂದು ವರದಿಗಾರ್ತಿ ಕೇಳಿದಳು.

“ಡ್ಯೂಟಿ, ಮೇಡಂ. ಹುಲಿಗೆ ‘ಕೂತ್ಕೋ’ ಅಂದಾಗಲೂ ಡ್ಯೂಟಿಯಲ್ಲಿದ್ದೆ. ಟಾರ್ಜನ್ ಥರ ಕೂಗಿದಾಗಲೂ.”

ಹಾಗಾದರೆ ಸರ್ಕಸ್ಸಿನಲ್ಲಿ ಎಲ್ಲಿದ್ದಿರಿ ಎಂದಳು.

ಹುಬ್ಬು ಕೆಳಗಿಳಿದು ಕುಳಿತಿತು. ಪಶ್ಚಿಮ ಜರ್ಮನಿಯ ಅಮೆರಿಕನ್ ವಾಯುನೆಲೆಯಲ್ಲಿ ಸರ್ಕಸ್ ನಡೆಯುತ್ತಿದೆ. ಫಿರಂಗಿಯ ಬುಡದಲ್ಲಿ ಅಣುಬಾಂಬು ಅಡಗಿದೆ. ಪೊಲೀಸರಿಂದ ತಪ್ಪಿಸಿಕೊಳ್ಳಲು ಬಾಂಡ್ ಕೋಡಂಗಿಯ ವೇಷ ಹಾಕಿ ಒಳನುಗ್ಗಿ, ಬಾಂಬ್ ಇದೆ ಎಂದು ಬೇಡಿಕೊಳ್ಳುತ್ತಾನೆ. ಜನ ಚಪ್ಪಾಳೆ ತಟ್ಟಿ ನಗುತ್ತಾರೆ. ಚಿತ್ರದ ಆರಂಭದಲ್ಲಿ ಏಜೆಂಟ್ 009 ಸತ್ತು ಬಿದ್ದದ್ದೂ ಕೋಡಂಗಿಯ ವೇಷದಲ್ಲೇ. ಗಡಿಯಾರ ಸೊನ್ನೆ ಮುಟ್ಟುವ ಮೊದಲು ಬಾಂಡ್ ಸ್ಫೋಟಕದ ಕೀಲು ಕೀಳುತ್ತಾನೆ. ಮೂರ್ ವೃತ್ತಿಜೀವನದ ಅತ್ಯಂತ ಉಸಿರುಗಟ್ಟಿಸುವ ಕೆಲವು ನಿಮಿಷ ಅವು. ಆಗ ಅವರ ಮುಖದ ತುಂಬ ಬಿಳಿ ಬಣ್ಣ, ಮೂಗಿಗೆ ಕೆಂಪು ಚೆಂಡು.

“ನನ್ನ ಮೇಲೂ ಮೆತ್ತಿದ್ದರು. ಬಣ್ಣದ ಅಡಿಯಿಂದ ನಾನು ಏನು ತಾನೇ ಮಾಡಲಿ?” ಎಂದಿತು ಹುಬ್ಬು.

ನೀವು ಏನೂ ಮಾಡದಿದ್ದಾಗಲೇ ಅವರು ಅಷ್ಟು ಚೆನ್ನಾಗಿ ಮಾಡಿದರು ಎಂದು ಆಕೆ ಮುಖದ ಮೇಲೆ ಹೊಡೆದಂತೆ ಹೇಳಿಬಿಟ್ಟಳು. ಹುಬ್ಬು ಸ್ವಲ್ಪ ಹೊತ್ತು ಗಂಟಿಕ್ಕಿಕೊಂಡಿತ್ತು. ಆಮೇಲೆ ಬಾಯಿ ಬಿಟ್ಟದ್ದು, ಯಾರೂ ಕೇಳದಿದ್ದರೂ, 1981ರ ಫಾರ್ ಯುವರ್ ಐಸ್ ಓನ್ಲಿ ಬಗ್ಗೆ.

ಮೂನ್‌ರೇಕರ್‌ನ ಬಾಹ್ಯಾಕಾಶದಿಂದ ನೆಲಕ್ಕಿಳಿದ ಚಿತ್ರ ಅದು. ಮೊದಲ ದೃಶ್ಯದಲ್ಲೇ ಬಾಂಡ್ ಹೆಂಡತಿಯ ಸಮಾಧಿಯ ಮುಂದೆ ಹೂ ಹಿಡಿದು ನಿಂತಿರುತ್ತಾನೆ. ಗ್ಯಾಜೆಟ್ ತುಂಬಿದ ಲೋಟಸ್ ಕಾರು ಶುರುವಿನಲ್ಲೇ ಸಿಡಿದುಹೋಗಿ, ಹಳದಿ ಬಣ್ಣದ ಪುಟ್ಟ ಸಿಟ್ರೊಯೆನ್‌ನಲ್ಲಿ ಇಳಿಜಾರು ರಸ್ತೆಯಲ್ಲಿ ಉರುಳಾಡಬೇಕಾಗುತ್ತದೆ. ಗ್ರೀಸಿನ ಮೆಟಿಯೋರಾದ ಸನ್ಯಾಸಿಗಳಿಗೆ ತಮ್ಮ ಬೆಟ್ಟದಲ್ಲಿ ಬಾಂಡ್ ಸಿನಿಮಾ ಸುತರಾಂ ಇಷ್ಟವಿರಲಿಲ್ಲ. ಮಠದ ಹೊರಗೆ ಬಟ್ಟೆ ಒಣಹಾಕಿ ಶೂಟಿಂಗ್ ಕೆಡಿಸಲು ನೋಡಿದರು. ಪ್ರತಿಭಟನೆಯ ಚರಿತ್ರೆಯಲ್ಲಿ ಇಷ್ಟು ಶುಭ್ರವಾದದ್ದು ಅಪರೂಪ.

“ಅದಲ್ಲ ನಾನು ಹೇಳಬೇಕೆಂದಿದ್ದು. ಕಾರಿನ ವಿಷಯ.”

ಲಾಕ್ ಎಂಬ ಹಂತಕ. ಕಣ್ಣಿಗೆ ಕನ್ನಡಕ, ಬಾಯಿಯಲ್ಲಿ ಮಾತಿಲ್ಲ. ಬಾಂಡನ ಇಟಾಲಿಯನ್ ಸಂಗಾತಿಯನ್ನು ಕೊಂದು, ಹೆಣದ ಬಳಿ ಬಿಳಿ ಪಾರಿವಾಳದ ಪಿನ್ ಬಿಟ್ಟು ಹೋದವನು. ಅವನು ಕಾರಿನಲ್ಲಿ ಪರಾರಿಯಾಗುತ್ತಾನೆ. ಬಾಂಡ್ ಅಡ್ಡದಾರಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಎದುರಾಗಿ ಗುಂಡು ಹಾರಿಸುತ್ತಾನೆ. ಕಾರು ಜಾರಿ ಕಡಿದಾದ ಬಂಡೆಯ ಅಂಚಿನಲ್ಲಿ ಅರ್ಧ ನೇತಾಡುತ್ತ ನಿಲ್ಲುತ್ತದೆ. ಬಾಂಡ್ ಹತ್ತಿರ ಹೋಗಿ ಆ ಪಿನ್ನನ್ನು ಒಳಗೆಸೆಯುತ್ತಾನೆ. ಕಾರು ಅಲುಗಾಡುತ್ತದೆ. ಬೂಟುಗಾಲಿನಿಂದ ಒಂದು ಒದೆತ. ತನ್ನ ಬಾಂಡ್ ಹೀಗೆ ಮಾಡುವವನಲ್ಲ ಎಂದು ಮೂರ್ ಹಿಂಜರಿದರು. ನಿರ್ದೇಶಕ ಜಾನ್ ಗ್ಲೆನ್ ಬಿಡಲಿಲ್ಲ.

“ಒದ್ದ ಮೇಲೆ ಒಂದು ಡೈಲಾಗ್ ಇದೆ. ಆಗ ನಾನು ಏಳಬಹುದಿತ್ತು. ಏಳುವ ಮನಸ್ಸಾಗಲಿಲ್ಲ.”

ವರದಿಗಾರ್ತಿ ಮೂನ್‌ರೇಕರ್ ಮೇಲೆ ಗೀಟು ಎಳೆದಳು. ಹುಬ್ಬು ನೋಡಿಯೂ ನೋಡದಂತಿತ್ತು.

ಆದರೂ ಮೊದಲ ಸ್ಥಾನ 1977ರ ದಿ ಸ್ಪೈ ಹೂ ಲವ್ಡ್ ಮಿಗೇ ಹೋಗಬೇಕೆಂಬುದು ಆಕೆಯ ವಾದ. ಅದರಲ್ಲಿ ಎಲ್ಲವೂ ಇದೆ. ಕೆನಡಾದ ಬ್ಯಾಫಿನ್ ದ್ವೀಪದ ಆಸ್ಗಾರ್ಡ್ ಶಿಖರದಿಂದ ರಿಕ್ ಸಿಲ್ವೆಸ್ಟರ್ ಸ್ಕೀ ಕಟ್ಟಿಕೊಂಡು ಹಾರುತ್ತಾನೆ. ಕೆಲವು ಕ್ಷಣ ಸಂಗೀತವೂ ನಿಂತು, ಬ್ರಿಟಿಷ್ ಬಾವುಟದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಸಮುದ್ರಕ್ಕಿಳಿದು ಜಲಾಂತರ್ಗಾಮಿಯಾಗುವ ಬಿಳಿ ಲೋಟಸ್ ಸಾರ್ಡೀನಿಯದ ಬೀಚಿನಲ್ಲಿ ಮೇಲೆದ್ದಾಗ ಬಾಂಡ್ ಕಿಟಕಿಯಿಂದ ಮೀನೊಂದನ್ನು ಹೊರಗೆ ಹಾಕುತ್ತಾನೆ. ಕೆನ್ ಆಡಂ ಕಟ್ಟಿದ ಸೆಟ್ಟಿಗೆ ಜಾಗ ಸಾಲದೆ ಪೈನ್‌ವುಡ್‌ನಲ್ಲಿ ಹೊಸ ಸ್ಟೇಜನ್ನೇ ಕಟ್ಟಬೇಕಾಯಿತು. ಅಷ್ಟೆಲ್ಲದರ ನಡುವೆ ಒಂದು ಹೋಟೆಲ್ ಕೋಣೆ. ರಷ್ಯದ ಏಜೆಂಟ್ ಅನ್ಯಾ ತನ್ನ ಪ್ರಿಯಕರನ ಫೋಟೊ ತೋರಿಸಿ, ಆಸ್ಟ್ರಿಯದ ಹಿಮದಲ್ಲಿ ಇವನನ್ನು ಕೊಂದದ್ದು ನೀನೇನಾ ಎನ್ನುತ್ತಾಳೆ. ಈ ಕಸುಬಿನಲ್ಲಿ ಸಾಯುವುದು ಇದ್ದದ್ದೇ, ಅವನು ಇಲ್ಲವೇ ನಾನು ಎಂಬಂತಿತ್ತು, ಹೌದು ನಾನೇ ಎಂದು ಬಾಂಡ್ ಒಪ್ಪಿಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ನಿನ್ನನ್ನು ಕೊಲ್ಲುತ್ತೇನೆ ಎಂದು ಅವಳು ಹೇಳಿ ಹೋಗುತ್ತಾಳೆ.

“ಅಲ್ಲೂ ನಾನಿಲ್ಲ” ಎಂದಿತು ಹುಬ್ಬು ತಾನಾಗಿಯೇ.

ಉಳಿದದ್ದು 1985ರ ಎ ವ್ಯೂ ಟು ಎ ಕಿಲ್. ಮೂರ್‌ಗೆ 57. ನಾಯಕಿಯ ತಾಯಿಗಿಂತ ತಾವೇ ದೊಡ್ಡವರೆಂದು ಗೊತ್ತಾದಾಗ ಬಿಡುವ ಹೊತ್ತಾಯಿತೆಂದುಕೊಂಡರಂತೆ. ಡ್ಯೂರಾನ್ ಡ್ಯೂರಾನ್ ತಂಡದ ಶೀರ್ಷಿಕೆ ಗೀತೆ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿತು, ಸಿನಿಮಾ ಏರಲಿಲ್ಲ. ಕ್ರಿಸ್ಟೋಫರ್ ವಾಕೆನ್‌ನ ಖಳನಾಯಕ ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆಯನ್ನು ನೀರಲ್ಲಿ ಮುಳುಗಿಸಿ ಚಿಪ್ ವ್ಯಾಪಾರ ಹಿಡಿಯಲು ಹೊರಟಿದ್ದಾನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದೂ ಅದೇ ವರ್ಷ. ಆ ಕಥೆಯನ್ನು ನಿಮ್ಮೂರಿನಲ್ಲಿ ತೆಗೆಯಬಹುದಿತ್ತಲ್ಲ ಎಂದು ಹುಬ್ಬು ಕೇಳಿತು. ಹೊರವರ್ತುಲ ರಸ್ತೆಯ ಐಟಿ ಕಂಪನಿಗಳನ್ನು ಮುಳುಗಿಸಲು ಖಳನಾಯಕ ಬೇಕಾಗಿಲ್ಲ ಸಾರ್, 2022ರ ಸೆಪ್ಟೆಂಬರಿನಲ್ಲಿ ಮಳೆಯೇ ಆ ಕೆಲಸ ಮುಗಿಸಿತು, ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು ಎಂದಳು.

ಅಂತೂ ಪಟ್ಟಿ ಹೀಗೆ ನಿಂತಿತು: ಸ್ಪೈ, ಫಾರ್ ಯುವರ್ ಐಸ್ ಓನ್ಲಿ, ಆಕ್ಟೋಪಸಿ, ಲಿವ್ ಆಂಡ್ ಲೆಟ್ ಡೈ, ಮೂನ್‌ರೇಕರ್, ಗೋಲ್ಡನ್ ಗನ್, ಎ ವ್ಯೂ ಟು ಎ ಕಿಲ್. ತನಗೆ ಹೆಚ್ಚು ಕೆಲಸವಿದ್ದ ಮೂನ್‌ರೇಕರ್ ಐದಕ್ಕೆ ಇಳಿದದ್ದಕ್ಕೆ ಹುಬ್ಬು ಮೇಲ್ಮನವಿ ಸಲ್ಲಿಸುವುದಾಗಿ ಹೇಳಿತು. ಎಲ್ಲಿಗೆ ಎಂದು ಹೇಳಲಿಲ್ಲ.

ಹೊರಡುವ ಮುನ್ನ ವರದಿಗಾರ್ತಿ ಡೇನಿಯಲ್ ಕ್ರೇಗ್ ಬಗ್ಗೆ ಕೇಳಿದಳು. 2006ರಿಂದ 2021ರವರೆಗೆ ಐದು ಚಿತ್ರ, ನಗುವೇ ಇಲ್ಲದ ಬಾಂಡ್.

“ಐದು ಸಿನಿಮಾಗೆ ಹದಿನೈದು ವರ್ಷವೇ? ನಾವು ಹನ್ನೆರಡರಲ್ಲಿ ಏಳು ಮುಗಿಸಿದೆವು. ಒಳ್ಳೆ ನಟ, ಇಲ್ಲ ಎನ್ನುವುದಿಲ್ಲ. ಐದನ್ನೂ ನೋಡಿದೆ ಮೇಡಂ, ಆ ಮುಖದಲ್ಲಿ ಹುಬ್ಬು ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ.”