ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ

ಮಗಳ ಮದುವೆ ಗೊತ್ತಾದರೆ ಮೊದಲೆಲ್ಲ ಗಂಡ ಹೆಂಡತಿ ಇಬ್ಬರೂ ಬೀದಿಗೆ ಬೀಳುತ್ತಿದ್ದರು. ಸಾಲದ ಮಾತಲ್ಲ, ಕರೆಯುವ ಮಾತು. ಲಗ್ನಪತ್ರಿಕೆ, ಕುಂಕುಮದ ಭರಣಿ, ಮಂತ್ರಾಕ್ಷತೆ ಹಿಡಿದು ಮನೆಮನೆ ಹತ್ತಿಳಿಯಬೇಕು. ಹೋದಲ್ಲೆಲ್ಲ ಕಾಫಿ, ಬೇಡ ಅಂದರೆ ಮುನಿಸು, ಕುಡಿದರೆ ಪಿತ್ತ. ಇಷ್ಟಾದರೂ ಚಿಕ್ಕಪ್ಪನ ಷಡ್ಡಕರನ್ನು ಕರೆಯುವುದು ಮರೆತುಹೋಗಿ, ಆ ಕೋಪ ಮೊಮ್ಮಕ್ಕಳ ಕಾಲದವರೆಗೂ ಆರುತ್ತಿರಲಿಲ್ಲ.

ಈ ಗೋಳಿಗೆಲ್ಲ ವಾಟ್ಸ್‌ಆ್ಯಪ್ ಮಂಗಳ ಹಾಡಿತು. ಈಗ ಒಂದು ಪಿಡಿಎಫ್, ಅದರ ಕೆಳಗೆ ಒಂದು ಸಾಲು: ‘ಸಮಯದ ಅಭಾವದಿಂದ ಖುದ್ದಾಗಿ ಬಂದು ಕರೆಯಲಾಗುತ್ತಿಲ್ಲ, ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ.’ ಒಂದು ಗ್ರೂಪಿನಲ್ಲಿ 1024 ಜನರನ್ನು ತುಂಬಬಹುದು. ಅಷ್ಟೂ ಜನರಿಗೆ ಒಂದೇ ಏಟಿಗೆ ವೈಯಕ್ತಿಕ! ಸಮಯದ ಅಭಾವ ಮಾತ್ರ ಅಪ್ಪಟ ನಿಜ. ಡ್ರೋನ್ ಹಾರಿಸಿಕೊಂಡು ಸಕಲೇಶಪುರದ ಮಂಜಿನಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮುಗಿಸಿ ಬಂದವರಿಗೆ ಪಕ್ಕದ ಬೀದಿಯ ಸೋದರತ್ತೆ ಮನೆಗೆ ಹೋಗಲು ಪುರುಸೊತ್ತು ಎಲ್ಲಿಂದ ಬರಬೇಕು?

ಕರೆ ಹೀಗಾದ ಮೇಲೆ ಉತ್ತರವೂ ಹಾಗೇ. ಭರತಮುನಿಗೆ ಎಂಟು ರಸ ಬೇಕಾಗಿದ್ದವು. 2022ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ಪ್ರತಿಕ್ರಿಯೆಯ ಸೌಲಭ್ಯ ತಂದಾಗ ಆರರಲ್ಲೇ ಮುಗಿಸಿತು: ಹೆಬ್ಬೆರಳು, ಹೃದಯ, ನಗು, ಬೆರಗು, ಕಣ್ಣೀರು, ಮುಗಿದ ಕೈ. ಆಮೇಲೆ ಯಾವ ಎಮೋಜಿ ಬೇಕಾದರೂ ಒತ್ತಿಕೊಳ್ಳಿ ಎಂದು ಬಾಗಿಲು ತೆರೆಯಿತು, ನಿಜ. ಆದರೆ ನಮ್ಮವರು ಮುಗಿದ ಕೈ ಇಳಿಸಿಲ್ಲ. ಅದರ ಅನುಕೂಲವೇ ಅಂಥದ್ದು. ಬರುತ್ತೇವೆ ಎಂದೂ ಆಯಿತು, ಬರುವುದಿಲ್ಲ ಎಂದೂ ಆಯಿತು, ಓದೇ ಇಲ್ಲ ಎಂದೂ ಆಯಿತು. ಸೈಟು ಕೊಂಡರೂ ಅದೇ ಕೈ, ಸತ್ತರೂ ಅದೇ ಕೈ.

ಸಾವಿನ ಮಾತು ಬಂತು. ಗ್ರೂಪಿನಲ್ಲಿ ಹಿರಿಯರೊಬ್ಬರ ಫೋಟೊ ಬೀಳುತ್ತದೆ, ಅದರಡಿ ಸುದ್ದಿ. ಕಾಫಿ ಆರುವುದರೊಳಗೆ ‘ಓಂ ಶಾಂತಿ’ಗಳ ಸಾಲು. ನಡುವೆ, ಫೋಟೊ ಮಾತ್ರ ನೋಡಿದ ದೊಡ್ಡಪ್ಪನೊಬ್ಬರು ‘ಮೆನಿ ಮೋರ್ ಹ್ಯಾಪಿ ರಿಟರ್ನ್ಸ್’ ಎಂದು ಹಾರೈಸುತ್ತಾರೆ. ಪುನರ್ಜನ್ಮ ನಂಬುವವರು ಆಡಬಹುದಾದ ಮಾತೇ, ಆದರೂ ಯಾರೋ ಫೋನು ಮಾಡಿ ಗದರಿಸಿರಬೇಕು, ಅಲ್ಲಿ ಈಗ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿರುತ್ತದೆ. ಇಷ್ಟೆಲ್ಲ ಶಾಂತಿ ಕೋರಿದವರ ಪೈಕಿ ಚಟ್ಟಕ್ಕೆ ಹೆಗಲು ಕೊಡಲು ನಾಲ್ಕು ಜನ ಸಿಗದೆ, ಕೊನೆಗೆ ಆಂಬುಲೆನ್ಸ್ ಡ್ರೈವರೇ ಕೈಹಾಕುತ್ತಾನೆ. ಅವನು ಗ್ರೂಪಿನಲ್ಲಿ ಇಲ್ಲ.

ಮುಯ್ಯಿಯ ಸಂಗತಿಯೂ ಸಲೀಸಾಗಿದೆ. 2021ರಲ್ಲಿ ಮಧುರೈನ ಮದುವೆಯೊಂದರ ಪತ್ರಿಕೆಯಲ್ಲೇ ಕ್ಯುಆರ್ ಕೋಡ್ ಅಚ್ಚಾಗಿ ಸುದ್ದಿಯಾಗಿತ್ತು. ಚಪ್ಪರದ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಮುಯ್ಯಿ ಬರೆಯುತ್ತಿದ್ದ, ನೂರಾ ಒಂದು ಅಂದಾಗ ಕತ್ತೆತ್ತಿ ಮುಖ ನೋಡುತ್ತಿದ್ದ ಮಾವನ ಕೆಲಸ ಹೋಯಿತು.

ಹಾಗಂತ ಮೊಬೈಲಿನಲ್ಲಿ ಕರೆದರೆ ಜನ ಬರುವುದೇ ಇಲ್ಲ ಎನ್ನುವಂತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಊರಿಗೆ ಊರೇ ಬಂದು ಸೇರಿತ್ತು. ಆ ಗುಂಪಿನ ಕೈಗೆ ಸಿಕ್ಕಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಜೀವ ಬಿಟ್ಟ. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಗಿತ್ತು. ಆ ಕರೆಗೆ ಯಾರಿಗೂ ಸಮಯದ ಅಭಾವ ಇರಲಿಲ್ಲ. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂದು ಮಿತಿ ಹಾಕಿತು. ಐದು ಸಾಲದವರು ಮತ್ತೆ ಐದು ಒತ್ತಿದರು.

ಅಲ್ಲಿ ಇಲ್ಲದ ಕಳ್ಳರಿಗಾಗಿ ಊರು ಸೇರಿತ್ತು. ಈಗ ನಿಜವಾದ ಕಳ್ಳರೇ ಬಂದಿದ್ದಾರೆ, ಮದುವೆ ಕಾಗದ ಹಿಡಿದುಕೊಂಡು! ಕಾಗದದ ವೇಷದಲ್ಲಿ ಬರುವುದು ಎಪಿಕೆ ಫೈಲ್. ಒತ್ತಿ ಒಳಗೆ ಬಿಟ್ಟುಕೊಂಡರೆ ಫೋನು ಅವರ ವಶ, ಒಟಿಪಿ ಅವರ ವಶ, ಖಾತೆ ಗುಡಿಸಿ ಗುಂಡಾಂತರ. ಕಾಗದವನ್ನು ತೆರೆದು ನೋಡಲೇಬೇಕೆಂದು ಇಷ್ಟು ಮನಸಾರೆ ಬಯಸುವ ಆತಿಥೇಯರು ಸದ್ಯಕ್ಕೆ ಅವರೊಬ್ಬರೇ. ಗುರುತಿಲ್ಲದ ನಂಬರಿನಿಂದ ಬಂದ ಮದುವೆ ಕಾಗದ ತೆರೆಯಬೇಡಿ ಎಂದು ಪೊಲೀಸರು ಎಚ್ಚರಿಸುತ್ತಿದ್ದಾರೆ. ಗುರುತಿರುವ ನಂಬರಿನಿಂದ ಬಂದದ್ದನ್ನು ನಾವು ಹೇಗೂ ತೆರೆಯುವುದಿಲ್ಲ.