ಸೂರ್ಯಗ್ರಹಣ ಶಾಸ್ತ್ರ: ಒಂದು ಪರೇಲ್ ಭಾಷ್ಯ

ಗ್ರಂಥಪ್ರಯೋಜನ

ಚಂದ್ರ ಅಡ್ಡ ಬಂದಾಗ ಆಗುವ ಸೂರ್ಯಗ್ರಹಣವನ್ನು ಪಂಚಾಂಗದವರು ಮೊದಲೇ ಬರೆದಿಡುತ್ತಾರೆ. ಮೊಬೈಲು ಅಡ್ಡ ಬಂದಾಗ ಆಗುವ ಸೂರ್ಯಗ್ರಹಣವಾದರೋ ರಜೆಯ ದಿನಗಳಲ್ಲಿ, ಕಡಲಂಚಿನಲ್ಲಿ, ದಿನಕ್ಕೆರಡು ಬಾರಿ ನಡೆಯುತ್ತದೆ. ಅದಕ್ಕೆ ಸೂತಕವಿಲ್ಲ, ಮೋಕ್ಷಸ್ನಾನವಿಲ್ಲ, ಶಾಸ್ತ್ರವೂ ಇರಲಿಲ್ಲ. ಈ ಕೊನೆಯ ಕೊರತೆಯನ್ನು ನೀಗಲು ಮುಂಬಯಿಯ ಪರೇಲಿನ ಚಾಳೊಂದರ ಮೂರನೆಯ ಮಾಳಿಗೆಯಲ್ಲಿ ಪ್ರಸ್ತುತ ಗ್ರಂಥ ರಚಿತವಾಗಿದೆ. ಅಲ್ಲಿಗೆ ಸೂರ್ಯ ಬರುವುದು ಹನ್ನೊಂದೂವರೆಗೆ, ಎರಡು ಟವರುಗಳ ಸಂದಿಯಲ್ಲಿ, ಚಹಾ ಕುಡಿದು ಮುಗಿಸುವಷ್ಟು ಹೊತ್ತು ಮಾತ್ರ. ಆದ್ದರಿಂದ ಈ ವಿಷಯದಲ್ಲಿ ಗ್ರಂಥಕರ್ತನಿಗೆ ಯಾವ ಪೂರ್ವಗ್ರಹವೂ ಇಲ್ಲ.

ಸೂತ್ರ 1: ರಜೆಯಿಲ್ಲದವನಿಗೆ ಸೂರ್ಯನಿಲ್ಲ.

ವ್ಯಾಖ್ಯೆ: ಒಂದು ಕಾಲದಲ್ಲಿ ಪರೇಲಿಗೆ ಬೆಳಗಾಗುತ್ತಿದ್ದುದು ಗಿರಣಿಯ ಭೋಂಗಾ ಕೂಗಿದಾಗ. 1982ರ ಮುಷ್ಕರದ ಬಳಿಕ ಭೋಂಗಾಗಳು ಒಂದೊಂದಾಗಿ ಸುಮ್ಮನಾದವು. ಗಿರಣಿಯ ಜಾಗದಲ್ಲಿ ಎದ್ದ ಟವರುಗಳು ಸೂರ್ಯನ ಜಾಗವನ್ನೂ ಹಿಡಿದವು. ಹೀಗಾಗಿ ಇಲ್ಲಿಯವನಿಗೆ ಸೂರ್ಯ ಎಂಬುದು ಆಫೀಸಿನ ರಜೆ ಅರ್ಜಿ ಮಂಜೂರಾದ ಮೇಲೆ ಊರಿನಲ್ಲಿ ಹುಟ್ಟುವ ಒಂದು ವಸ್ತು.

ಸೂತ್ರ 2: ಹತ್ತಿರದ ಕಡಲು ಕಡಲಲ್ಲ.

ವ್ಯಾಖ್ಯೆ: ಮುಂಬಯಿಯ ಏಳು ದ್ವೀಪಗಳಲ್ಲಿ ಪರೇಲೂ ಒಂದು. 1780ರ ದಶಕದಲ್ಲಿ ಮಹಾಲಕ್ಷ್ಮಿಗೂ ವರ್ಲಿಗೂ ನಡುವೆ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಕಟ್ಟಿ ಒಳನುಗ್ಗುವ ಉಬ್ಬರವನ್ನು ತಡೆದರು. ಆಮೇಲೆ ದ್ವೀಪ ದ್ವೀಪಕ್ಕೆ ಅಂಟಿಕೊಂಡಿತು, ಕಡಲು ಕಣ್ಣಿಂದ ದೂರವಾಯಿತು. ಬಹಳ ದೂರವೇನಲ್ಲ. ಪೂರ್ವಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಶಿವ್ಡಿಯ ಖಾರಿ, ಪಶ್ಚಿಮಕ್ಕೆ ಹಾಕಿದರೆ ವರ್ಲಿಯ ದಂಡೆ. ನೀರಿನ ಮೇಲೆ ಹುಟ್ಟುವ ಸೂರ್ಯನನ್ನೂ ನೀರಿನಲ್ಲಿ ಮುಳುಗುವ ಸೂರ್ಯನನ್ನೂ ಒಂದೇ ದಿನ ಬೆಸ್ಟ್ ಬಸ್ಸಿನ ಖರ್ಚಿನಲ್ಲಿ ಹಿಡಿಯಬಹುದಾದ ಅಪೂರ್ವ ಕ್ಷೇತ್ರವಿದು. ಆದರೆ ಬಸ್ಸಿನ ಟಿಕೆಟಿನಿಂದ ರಜೆ ಸಿದ್ಧಿಸುವುದಿಲ್ಲ. ಎರಡು ತಿಂಗಳ ಮೊದಲೇ ಮತ್ಸ್ಯಗಂಧಾ ರೈಲಿನಲ್ಲಿ ಸೀಟು ಕಾದಿರಿಸಿ, ಕುರ್ಲಾದಲ್ಲಿ ಮಧ್ಯಾಹ್ನ ಹತ್ತಿ, ಕೊಂಕಣದ ಸುರಂಗಗಳನ್ನೆಲ್ಲ ದಾಟಿ, ಮರುದಿನ ಮುಂಜಾವಿಗೆ ಉಡುಪಿಯಲ್ಲಿ ಕಣ್ಣುಜ್ಜುತ್ತ ಇಳಿದವನಿಗೇ ಮಲ್ಪೆಯ ಸೂರ್ಯ ವಿಧ್ಯುಕ್ತ. ಎರಡೂ ಕಡೆ ಇರುವುದು ಅದೇ ಅರಬ್ಬೀ ಸಮುದ್ರ ಎಂಬ ಆಕ್ಷೇಪವನ್ನು ನಾವು ಭೂಗೋಳದವರ ಅಸೂಯೆ ಎಂದು ತಳ್ಳಿಹಾಕುತ್ತೇವೆ.

ಸೂತ್ರ 3: ಸಿಗುವುದು ಛಾಯೆ ಮಾತ್ರ.

ವ್ಯಾಖ್ಯೆ: ಸೂರ್ಯನ ಹೆಂಡತಿ ಸಂಜ್ಞೆ ಗಂಡನ ಝಳ ತಾಳಲಾರದೆ, ತನ್ನ ಜಾಗದಲ್ಲಿ ಛಾಯೆಯನ್ನು ನಿಲ್ಲಿಸಿ ತವರಿಗೆ ಹೋದಳೆಂದು ಪುರಾಣ. ಬದಲಿ ಆಳನ್ನು ಬಿಟ್ಟು ಊರಿಗೆ ಹೋದವರಲ್ಲಿ ಇವಳೇ ಮೊದಲಿಗಳು. ಛಾಯಾಗ್ರಹಣಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಆ ಛಾಯೆಯ ಮಗನೇ ಶನಿ. ಒಂದೇ ಸೂರ್ಯನ ಇನ್ನೂರು ಫೋಟೋ ತೆಗೆದು, ಮೊಬೈಲಿನ ಮೆಮೊರಿ ತುಂಬಿ, ಅಕ್ಕನ ಮಗಳ ಮದುವೆಯ ವಿಡಿಯೋ ಅಳಿಸಬೇಕಾಗಿ ಬಂದವರಿಗೆ ಈ ವಂಶಾವಳಿಯನ್ನು ವಿವರಿಸಬೇಕಿಲ್ಲ.

ಭೌತಶಾಸ್ತ್ರವೂ ನಮ್ಮ ಪರವಾಗಿದೆ. ದಿಗಂತದ ಬಳಿ ಗಾಳಿ ಬೆಳಕನ್ನು ಬಾಗಿಸಿ ಸೂರ್ಯಬಿಂಬವನ್ನು ಸುಮಾರು 34 ಕಲೆಯಷ್ಟು ಮೇಲೆತ್ತಿ ತೋರಿಸುತ್ತದೆ. ಬಿಂಬದ ಅಗಲವೇ ಸುಮಾರು 32 ಕಲೆ. ಎಂದರೆ ಸೂರ್ಯನ ಅಂಚು ನೀರಿಗೆ ತಾಗಿದಂತೆ ಕಂಡಾಗ ನಿಜವಾದ ಸೂರ್ಯ ಪೂರ್ತಿ ಮುಳುಗಿಯಾಗಿದೆ. ಅವನೂ ಛಾಯೆಯನ್ನು ನಿಲ್ಲಿಸಿ ರಜೆಯ ಮೇಲೆ ಹೋಗಿದ್ದಾನೆ. ಡಿಗ್ರಿಯ ಅರವತ್ತನೆಯ ಒಂದು ಪಾಲಿಗೆ ಕಲೆ ಎಂದು ಹೆಸರು. ನಮ್ಮ ಫೋಟೋಗಳಲ್ಲಿ ಇರುವ ಕಲೆ ಇದೊಂದೇ.

ಅಂಚು ತಾಗಿದಾಗಿನಿಂದ ಪೂರ್ತಿ ಮರೆಯಾಗಲು ನಮ್ಮ ಕರಾವಳಿಯಲ್ಲಿ ಹಿಡಿಯುವ ಹೊತ್ತು ಎರಡೂಕಾಲು ನಿಮಿಷದ ಆಸುಪಾಸು. ಈ ಅವಧಿಯ ವಿನಿಯೋಗ ಹೀಗಿದೆ: ಭಾವ ಅಂಗೈ ಚಾಚಿ ಸೂರ್ಯನನ್ನು ಹಣ್ಣಿನಂತೆ ಹಿಡಿದುಕೊಳ್ಳುತ್ತಾನೆ (ಈ ಭಂಗಿಯ ಆದ್ಯಪ್ರವರ್ತಕ ಹನುಮಂತ; ಅವನಿಗೆ ವಜ್ರಾಯುಧದ ಪೆಟ್ಟು ಬಿದ್ದಿತ್ತು). ಅಕ್ಕ "ಸ್ವಲ್ಪ ಎಡಕ್ಕೆ, ಅಲ್ಲ, ನನ್ನ ಎಡಕ್ಕೆ" ಎನ್ನುತ್ತಾಳೆ. ಅಷ್ಟರಲ್ಲಿ ಹಣ್ಣು ಮುಗಿಯುತ್ತದೆ. ಸೂರ್ಯಾಸ್ತವನ್ನು ನೋಡಿದವರು ಚರುಮುರಿಯವನು ಮತ್ತು ಅವನ ನಾಯಿ.

ಸೂತ್ರ 4: ಕೆಳಗೆ ನೀರಿದ್ದರೆ ಸಂಜೆ.

ವ್ಯಾಖ್ಯೆ: ಫೋಟೋದ ಮಟ್ಟಿಗೆ ಉದಯಕ್ಕೂ ಅಸ್ತಕ್ಕೂ ಭೇದವಿಲ್ಲ ಎಂಬ ಪೂರ್ವಪಕ್ಷವಿದೆ. ಇದನ್ನು ನಂಬಿ, ಎಂಟು ಗಂಟೆಗೆ ಎದ್ದವರು ನಿನ್ನೆ ಸಂಜೆಯ ಸೂರ್ಯನಿಗೆ 'ಶುಭೋದಯ' ಎಂದು ಬರೆದು ಕಳಿಸುವುದುಂಟು. ಸಿದ್ಧಾಂತ ಬೇರೆಯೇ ಇದೆ. ನಮ್ಮ ಕರಾವಳಿಯಲ್ಲಿ ಕಡಲಿರುವುದು ಪಡುವಣಕ್ಕೆ. ಬೆಳಗಿನ ಸೂರ್ಯ ತೆಂಗಿನ ತೋಟದ ಹಿಂದಿನಿಂದ ಬರುತ್ತಾನೆ. 1901ರ ಕಾಪು ದೀಪಸ್ತಂಭದ ತುದಿಗೆ ಹತ್ತಿದರೂ ಇದು ಬದಲಾಗದು. ಆದ್ದರಿಂದ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಸೂರ್ಯನ ಕೆಳಗಿನ ಕಡಲಿನಿಂದ ಸಂಜೆಯನ್ನು ಊಹಿಸತಕ್ಕದ್ದು.

ಪ್ರಯೋಗ

ಈ ವರ್ಷ ಗ್ರಂಥಕರ್ತನಿಗೆ ರಜೆ ಮಂಜೂರಾಗಲಿಲ್ಲ. ಅನುಪಪತ್ತಿಯೇ ಸಂಶೋಧನೆಗೆ ಮೂಲವಾದ್ದರಿಂದ, ಒಂದು ಬೆಳಿಗ್ಗೆ ಶಿವ್ಡಿಯ ಜೆಟ್ಟಿಗೆ ಹೋದೆ. ಉಬ್ಬರದ ಹೊತ್ತು. ಆಚೆ ದಡದ ಗುಡ್ಡಗಳನ್ನು ಮಬ್ಬು ನುಂಗಿತ್ತು. 2024ರಲ್ಲಿ ತೆರೆದ ಅಟಲ್ ಸೇತುವನ್ನು ಚೌಕಟ್ಟಿನಿಂದ ಹೊರಗಿಟ್ಟೆ. ಒಳಗೆ ಬಿಟ್ಟರೆ ಸಿಕ್ಕಿಬೀಳುತ್ತೇನೆಂದು ರಾಜಹಂಸಗಳನ್ನೂ ಹೊರಗಿಟ್ಟೆ. ಉಳಿದದ್ದು ನೀರು ಮತ್ತು ಅದರ ಮೇಲೊಂದು ಕೆಂಪು ಸೂರ್ಯ. ಒಂದಕ್ಷರ ಬರೆಯದೆ ಮನೆಯವರ ಗ್ರೂಪಿಗೆ ಹಾಕಿದೆ.

ಭಾವ "ಮಲ್ಪೆಯಾ?" ಎಂದು ಕೇಳಿದ. ಅಕ್ಕ ಹೆಬ್ಬೆರಳು ಒತ್ತಿದಳು. ಸಿದ್ಧಾಂತ ಗೆದ್ದಿತೆಂದು ಬೀಗುವಷ್ಟರಲ್ಲಿ ಅಮ್ಮನ ಫೋನು ಬಂತು. ಅಮ್ಮ ಈ ಗ್ರಂಥವನ್ನು ಓದಿಲ್ಲ. ಆದರೆ ನಾಲ್ಕನೆಯ ಸೂತ್ರವನ್ನು ಎಪ್ಪತ್ತು ವರ್ಷದಿಂದ ಅಂಗಳದಲ್ಲಿ ನಿಂತು ನೋಡಿದ್ದಾಳೆ.

"ನಿನ್ನೆ ಸಂಜೆಯೇ ಬಂದದ್ದಾ ಮಗಾ? ಮತ್ತೆ ರಾತ್ರಿ ಮನೆಗೆ ಯಾಕೆ ಬರ್ಲಿಲ್ಲ? ಎಲ್ಲಿ ಮಲಗಿದ್ದು?"

ಅನುಮಾನದಲ್ಲಿ ದೋಷವಿರಲಿಲ್ಲ. ಸಂಜ್ಞೆ ಛಾಯೆಯನ್ನು ಬಿಟ್ಟು ತವರಿಗೆ ಹೋಗಿದ್ದಳು. ನಾನು ಪರೇಲಿನಲ್ಲೇ ಉಳಿದು ಛಾಯೆಯನ್ನು ತವರಿಗೆ ಕಳಿಸಿದ್ದೆ. ಛಾಯೆ ಮಲ್ಪೆಯ ತನಕ ಹೋದರೂ ಮನೆಯೊಳಗೆ ಹೋಗಲಿಲ್ಲ, ಗಂಜಿ ಉಣ್ಣಲಿಲ್ಲ.

ಉಪಸಂಹಾರ

ಅಮ್ಮನ ಪ್ರಶ್ನೆಗೆ ಶಾಸ್ತ್ರದಲ್ಲಿ ಸಮಾಧಾನ ಸಿಗದ್ದರಿಂದ ಐದನೆಯ ಸೂತ್ರವನ್ನು ಊರಿಗೆ ಹೋಗಿ ಬಂದ ಬಳಿಕ ಬರೆಯಲಾಗುವುದು. ಟಿಕೆಟು ತೆಗೆದಿದ್ದೇನೆ: ವೇಟಿಂಗ್ ಲಿಸ್ಟ್ 43.