‘ಅಳುಮುಂಜಿ’ ಎಂದು ಬರೆದವರಿಗೆ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ನಮ್ಮೂರಿನ ಶಾಖಾ ಗ್ರಂಥಾಲಯದಿಂದ ಕಳೆದ ವಾರ ತ್ರಿವೇಣಿಯವರ ‘ಶರಪಂಜರ’ ತಂದೆ. ರಟ್ಟು ಬಿಟ್ಟಿದೆ, ಬೆನ್ನಿಗೆ ಎರಡು ಸಲ ಕಂದು ಕಾಗದ ಅಂಟಿಸಿದ್ದಾರೆ. ಕೊನೆಯ ಪುಟದಲ್ಲಿ ಕಥೆ ಮುಗಿದು ಉಳಿದ ಜಾಗದಲ್ಲಿ ಯಾರೋ ನೀಲಿ ಶಾಯಿಯಲ್ಲಿ ‘ಅಯ್ಯೋ ಪಾಪ ಕಾವೇರಿ’ ಎಂದು ಬರೆದಿದ್ದಾರೆ. ಅದರ ಕೆಳಗೆ, ಕಾಗದ ಹರಿಯುವಷ್ಟು ಒತ್ತಿ, ಪೆನ್ಸಿಲಿನಲ್ಲಿ ನೀವು ಬರೆದಿದ್ದೀರಿ: ‘ಅಳುಮುಂಜಿ ಕಾದಂಬರಿ. ಕೆಲಸವಿಲ್ಲದ ಹೆಂಗಸರಿಗೆ.’

ನಿಮ್ಮ ವಿಳಾಸ ತಿಳಿದಿದ್ದರೆ ಒಂದು ಕಾರ್ಡಿನಲ್ಲಿ ಉತ್ತರ ಬರೆದು ಸುಮ್ಮನಾಗುತ್ತಿದ್ದೆ. ತಿಳಿಯದು. ಜೊತೆಗೆ, ಈ ಮಾತು ನಿಮ್ಮೊಬ್ಬರದೇ ಅಲ್ಲ. ‘ಅಡುಗೆಮನೆ ಸಾಹಿತ್ಯ’, ‘ಗೋಳಿನ ಕಥೆ’ ಎಂದು ಇದನ್ನೇ ವೇದಿಕೆಯ ಮೇಲೆ ಹೇಳಿದವರನ್ನು ಕೇಳಿದ್ದೇನೆ, ತರಗತಿಯಲ್ಲಿ ಪಾಠ ಮಾಡುತ್ತಲೇ ಹೇಳಿದವರನ್ನೂ ಕೇಳಿದ್ದೇನೆ. ಹಾಗಾಗಿ ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ಮೊದಲು ಆ ‘ಕೆಲಸವಿಲ್ಲದ’ ಎಂಬ ಪದ. ನಮ್ಮಮ್ಮ ಓದುತ್ತಿದ್ದದ್ದು ಹಾಲು ಉಕ್ಕುವುದನ್ನು ಕಾಯುವಾಗ. ಬೇಳೆ ಬೇಯುವಾಗ. ರಾತ್ರಿ ಎಲ್ಲರ ಹಾಸಿಗೆ ಹಾಸಿ, ಗೋಮೆ ಹಚ್ಚಿ, ಮೊಸರಿಗೆ ಹೆಪ್ಪು ಹಾಕಿದ ಮೇಲೆ. ಸರ್ಕ್ಯುಲೇಟಿಂಗ್ ಲೈಬ್ರರಿಯವರು ಸೈಕಲ್ಲಿನ ಹಿಂದೆ ಪುಸ್ತಕದ ಗಂಟು ಕಟ್ಟಿಕೊಂಡು ಬರುತ್ತಿದ್ದರು. ಬಾಡಿಗೆ ದಿನದ ಲೆಕ್ಕ, ಆದ್ದರಿಂದ ಪುಸ್ತಕ ಎರಡು ದಿನಕ್ಕಿಂತ ಹೆಚ್ಚು ಮನೆಯಲ್ಲಿ ಉಳಿಯುವಂತಿರಲಿಲ್ಲ. ಆ ಎರಡು ದಿನ ಅದರ ಜಾಗ ಅಕ್ಕಿಡಬ್ಬದ ಹಿಂದೆ. ಹತ್ತು ನಿಮಿಷ, ಹದಿನೈದು ನಿಮಿಷ ಕದ್ದು ಕದ್ದು ಮುನ್ನೂರು ಪುಟ ಮುಗಿಸುವುದು ಬಿಡುವಿದ್ದವರು ಮಾಡುವ ಕೆಲಸವಲ್ಲ.

ಇನ್ನು ಅಳು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಗುತ್ತಿ ತನ್ನ ತಿಮ್ಮಿಯನ್ನು ಕರೆದುಕೊಂಡು ಓಡಿಹೋಗುತ್ತಾನೆ. ಅವನ ನಾಯಿ ‘ಹುಲಿಯ’, ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ಆ ಪುಟದಲ್ಲಿ ಗಂಟಲು ಕಟ್ಟದವರನ್ನು ನಾನು ಕಂಡಿಲ್ಲ. ಕಾಲೇಜಿನ ಮೇಷ್ಟ್ರುಗಳೇ ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನೋಡಿದ್ದೇನೆ. ಆ ಕಾದಂಬರಿಯನ್ನು ಯಾರೂ ಅಳುಮುಂಜಿ ಎನ್ನಲಿಲ್ಲ, ಎನ್ನಲೂಬಾರದು. ಹಾಗಾದರೆ ಮಲೆನಾಡಿನ ಹೊಳೆಯ ದಡದಲ್ಲಿ ಬಂದ ಕಣ್ಣೀರು ಸಾಹಿತ್ಯದ ಅನುಭವ, ಮೈಸೂರಿನ ಒಂದು ಮನೆಯ ನಡುಮನೆಯಲ್ಲಿ ಬಂದ ಕಣ್ಣೀರು ಗೋಳು ಎಂದು ಭಾಗ ಮಾಡಿದವರು ಯಾರು?

ಅಳಿಸುವುದಕ್ಕೆಂದೇ ಬರೆದ ಪುಸ್ತಕಗಳಿವೆ, ಒಪ್ಪುತ್ತೇನೆ. ಕೊನೆಯ ಅಧ್ಯಾಯದಲ್ಲಿ ನಾಯಕಿಗೆ ಇದ್ದಕ್ಕಿದ್ದಂತೆ ಕ್ಯಾನ್ಸರ್, ನಾಯಕ ವಿಮಾನ ಇಳಿದು ಬರುವ ಹೊತ್ತಿಗೆ ಅವಳ ಚಿತೆ ಉರಿಯುತ್ತಿರುತ್ತದೆ. ಅವನ್ನೂ ಓದಿ ಅತ್ತಿದ್ದೇನೆ. ಮರುದಿನ ಹೆಸರೂ ನೆನಪಿರಲಿಲ್ಲ. ಸಾವನ್ನು ತಂದು ನಿಲ್ಲಿಸಿದರೆ ಯಾರಿಗಾದರೂ ಅಳು ಬರುತ್ತದೆ, ಅದಕ್ಕೆ ಬರಹಗಾರರ ಶ್ರಮ ಹೆಚ್ಚು ಬೇಕಿಲ್ಲ. ತ್ರಿವೇಣಿಯವರನ್ನು ಆ ಸಾಲಿನಲ್ಲಿ ಕೂರಿಸಿದ್ದಕ್ಕೆ ನನ್ನ ತಕರಾರು.

‘ಬೆಳ್ಳಿಮೋಡ’ ಓದಿದ್ದೀರಾ? ಪುಟ್ಟಣ್ಣ ಕಣಗಾಲರು 1967ರಲ್ಲಿ ಮಾಡಿದ ಚಿತ್ರವನ್ನಾದರೂ ನೋಡಿರುತ್ತೀರಿ. ತೋಟದ ಯಜಮಾನರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಬೇಕಾದ ಮೋಹನನನ್ನು ವಿದೇಶದಲ್ಲಿ ಓದಿಸುವುದು ಅವಳ ತಂದೆಯೇ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನನಿಗೆ ಮದುವೆ ಬೇಡವಾಗುತ್ತದೆ. ಮುಂದೆ ಅವನು ಕಾಲು ಮುರಿದುಕೊಂಡು ಮಲಗಿದಾಗ ಆರೈಕೆ ಮಾಡುವವಳು ಅವಳೇ. ಅವನ ಮನಸ್ಸು ತಿರುಗುತ್ತದೆ, ಈಗ ನಿಜವಾಗಿಯೇ ಅವಳನ್ನು ಬಯಸುತ್ತಾನೆ. ಕಣ್ಣೀರು ಸುರಿಸುವುದಕ್ಕೆ ಮಾತ್ರ ಬರೆಯುವವರಾಗಿದ್ದರೆ ಇಲ್ಲಿ ಇಬ್ಬರನ್ನೂ ಅಪ್ಪಿಸಿಬಿಡುತ್ತಿದ್ದರು, ಇಲ್ಲವೇ ಒಬ್ಬರನ್ನು ಕೊಲ್ಲುತ್ತಿದ್ದರು. ತ್ರಿವೇಣಿ ಎರಡನ್ನೂ ಮಾಡಲಿಲ್ಲ. ಇಂದಿರಾ ಬೇಡ ಎನ್ನುತ್ತಾಳೆ. ಪ್ರೀತಿ ಸತ್ತಿದೆಯೆಂದಲ್ಲ, ನಂಬಿಕೆ ಮುರಿದಿದೆ. ಪ್ರೀತಿಯ ಕಥೆಯಲ್ಲಿ ಹೆಣ್ಣೊಬ್ಬಳು ಹೀಗೆ ಲೆಕ್ಕ ಚುಕ್ತಾ ಮಾಡಿ ಎದ್ದುನಿಂತದ್ದನ್ನು ಓದಿ ನಾನು ಅತ್ತದ್ದು ಅವಳು ಸೋತಳೆಂದಲ್ಲ. ಇಷ್ಟು ಸರಿಯಾದ ತೀರ್ಮಾನಕ್ಕೆ ಇಷ್ಟೊಂದು ಬೆಲೆ ತೆರಬೇಕಾಯಿತಲ್ಲಾ ಎಂದು.

ಈಗ ನಿಮ್ಮ ‘ಶರಪಂಜರ’ಕ್ಕೆ ಬರುತ್ತೇನೆ. ಕಾವೇರಿಗೆ ಹೆರಿಗೆಯ ನಂತರ ಬುದ್ಧಿಭ್ರಮಣೆಯಾಗುತ್ತದೆ. ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆ ಎಂಬುದನ್ನು ಮನೆ ನಂಬುವುದಿಲ್ಲ. ನಕ್ಕರೆ ಹುಚ್ಚು, ಸಿಟ್ಟಾದರೆ ಹುಚ್ಚು, ಸುಮ್ಮನಿದ್ದರೂ ಹುಚ್ಚೇ. ಪ್ರೀತಿಸಿದ್ದ ಗಂಡನೇ ಬೇರೆ ಹೆಣ್ಣಿನ ಕಡೆ ಹೋಗಿದ್ದಾನೆ. ಕೊನೆಗೆ ಆ ಮನೆಯೇ ಅವಳನ್ನು ಮತ್ತೆ ಆಸ್ಪತ್ರೆಯ ಬಾಗಿಲಿಗೆ ತಳ್ಳುತ್ತದೆ. ಪುಸ್ತಕದಲ್ಲಿ ಕಾಯಿಲೆ ಇರುವುದು ಕೆಲವು ಕಾಲ; ಉಳಿದದ್ದೆಲ್ಲ ಕಾಯಿಲೆ ಇಲ್ಲದವರ ವರ್ತನೆ.

ನಮ್ಮ ಕಡೆ ಆ ಕಾಯಿಲೆಗೆ ‘ಬಾಣಂತಿ ಸನ್ನಿ’ ಎನ್ನುತ್ತಿದ್ದರು. ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ಕಡೆ ಬರುತ್ತದೆ, ಔಷಧಿಯಿಂದ ವಾಸಿಯಾಗುತ್ತದೆ ಎಂದು ಈಗ ವೈದ್ಯರು ಹೇಳುತ್ತಾರೆ. ಆಗ ನಮಗೆ ಗೊತ್ತಿದ್ದದ್ದು ಗಾಳಿ, ದೃಷ್ಟಿ, ಪಥ್ಯದ ತಪ್ಪು.

ನಮ್ಮ ಚಿಕ್ಕಮ್ಮನಿಗೆ ಬಂದಿತ್ತು. ಮೊದಲ ಹೆರಿಗೆ, ಗಂಡುಮಗು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬೇಸಿಗೆಯ ಹೊತ್ತಿಗೆ ನಮ್ಮ ಮನೆಗೆ ಬಂದಳು. ನನಗೆ ಒಂಬತ್ತು ವರ್ಷ. ಅವಳು ಬರುವ ಹಿಂದಿನ ದಿನ ಅಮ್ಮ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದ್ದು, ಬಾವಿಯ ಹಗ್ಗ ಬಿಚ್ಚಿ ಒಳಗೆ ತಂದದ್ದು ನೆನಪಿದೆ. ಮಗು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿತ್ತು. ಅದಕ್ಕೆ ಎರೆಯುವವಳು ಅಜ್ಜಿ, ಸಾಂಬ್ರಾಣಿ ಹೊಗೆ ಹಿಡಿಯುವವಳು ಅಮ್ಮ. ಚಿಕ್ಕಮ್ಮ ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು. ಯಾರೂ ಅವಳಿಗೆ ಕೆಟ್ಟ ಮಾತು ಆಡಲಿಲ್ಲ. ಎಲ್ಲರೂ ಬಹಳ ಮೆತ್ತಗೆ ಮಾತಾಡುತ್ತಿದ್ದರು. ಆ ಮೆತ್ತಗಿನ ದನಿ ನನಗೇ ಹೆದರಿಕೆ ಹುಟ್ಟಿಸುತ್ತಿತ್ತು, ಅವಳಿಗೆ ಹೇಗಿತ್ತೋ.

ಆ ಬೇಸಿಗೆಯಲ್ಲೇ ಸೈಕಲ್ಲಿನ ಗಂಟಿನಿಂದ ‘ಶರಪಂಜರ’ ಬಂತು. ಎರಡನೆಯ ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಅಮ್ಮ ಅಡುಗೆಮನೆಯ ದೀಪದ ಕೆಳಗೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಹೋಗಿ ಮಲಕ್ಕೋ ಎಂದಳು. ಬೆಳಿಗ್ಗೆ ಏಣಿ ಇಟ್ಟು ಅಟ್ಟ ಹತ್ತಿ, ಈಳಿಗೆಮಣೆ ಇಳಿಸಿ, ತೊಳೆದು, ಒಂದು ಮೊರ ಹುರುಳಿಕಾಯಿಯ ಜೊತೆ ಚಿಕ್ಕಮ್ಮನ ಮುಂದಿಟ್ಟಳು. ‘ಹುಳಿಗೆ ಹೆಚ್ಚಿಕೊಡೇ, ನಂಗೆ ಹೊತ್ತಾಯ್ತು’ ಎಂದಳು, ಅಷ್ಟೇ. ಅಜ್ಜಿ ಎದ್ದುಬಂದರು, ಏನೋ ಹೇಳಲು ಹೊರಟರು. ಅಮ್ಮ ಅಜ್ಜಿಯ ಕೈಯಿಂದ ಮಗುವನ್ನು ತೆಗೆದುಕೊಂಡು ತನ್ನ ಸೊಂಟಕ್ಕೇರಿಸಿ ನಿಂತಳು. ಹುರುಳಿಕಾಯಿ ಮುಗಿಯುವವರೆಗೂ ನಿಂತಿದ್ದಳು. ಆಮೇಲೆ ಚಿಕ್ಕಮ್ಮ ಕೈ ತೊಳೆದುಕೊಂಡು ಬಂದಾಗ ಮಗುವನ್ನು ಅವಳ ಮಡಿಲಲ್ಲಿ ಇಟ್ಟಳು.

ವರ್ಷಗಳಾದ ಮೇಲೆ ಕೇಳಿದೆ, ಆವತ್ತು ಯಾಕಮ್ಮ ಅತ್ತೆ ಎಂದು. ಕಾವೇರಿಯ ಮೇಲಿನ ಕನಿಕರಕ್ಕೆ ಎನ್ನುತ್ತಾಳೆ ಅಂದುಕೊಂಡಿದ್ದೆ. ‘ಆ ಮನೆಯವರಲ್ಲಿ ನಾನೂ ಇದ್ದೆ ಕಣೇ. ನಾಚಿಕೆಯಾಯ್ತು’ ಎಂದಳು.

ಮಾನ್ಯರೇ, ನಾನು ನಿಮಗೆ ಹೇಳಬೇಕೆಂದಿರುವುದು ಇದೊಂದನ್ನೇ. ಹೆಂಗಸರು ಇಂಥ ಪುಸ್ತಕ ಓದಿ ತಮ್ಮನ್ನೇ ನಾಯಕಿ ಎಂದುಕೊಂಡು ಅಳುತ್ತಾರೆ ಎಂದು ನೀವು ತಿಳಿದಿದ್ದೀರಿ. ಹಾಗೂ ಅಳುತ್ತಾರೆ, ಅದರಲ್ಲೇನೂ ತಪ್ಪಿಲ್ಲ. ಆದರೆ ಒಳ್ಳೆಯ ಕಾದಂಬರಿ ಓದುವವರನ್ನು ಬಾಗಿಲು ಹಾಕಿದವರ ಸಾಲಿನಲ್ಲೂ ನಿಲ್ಲಿಸುತ್ತದೆ. ಅಲ್ಲಿ ಬರುವ ಕಣ್ಣೀರು ಬೇರೆ. ನಮ್ಮಮ್ಮನಿಗೆ ಯಾವ ವೈದ್ಯರೂ ತಿಳಿಹೇಳಿರಲಿಲ್ಲ, ಹೇಳಿದ್ದರೂ ಅವಳು ತಲೆಯಾಡಿಸಿ ಈಳಿಗೆಮಣೆಯನ್ನು ಅಟ್ಟದಲ್ಲೇ ಬಿಡುತ್ತಿದ್ದಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. ಅದರ ಸುದ್ದಿ ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಅಡುಗೆಮನೆಯ ಆ ಬೆಳಿಗ್ಗೆ.

ತ್ರಿವೇಣಿ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಮೊದಲ ಕಾದಂಬರಿ ‘ಅಪಸ್ವರ’ 1953ರಲ್ಲಿ ಬಂತು. ಅಲ್ಲಿಂದ ಹತ್ತು ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ. 1963ರಲ್ಲಿ, 35 ತುಂಬುವ ಮೊದಲೇ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಸಂಕಟವನ್ನು ಅಷ್ಟು ತಿಳಿದು ಬರೆದವರು ಬಾಣಂತನದಲ್ಲೇ ಹೋದರು. ಅಂಥವರ ಬರಹದ ಕೆಳಗೆ ನೀವು ಪೆನ್ಸಿಲು ಒತ್ತಿ ಬರೆದ ಪದವನ್ನು ನೋಡಿ ನನಗೆ ನೋವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ವಿಷಯ. ಇಡೀ ಪುಸ್ತಕದಲ್ಲಿ ಒಂದೇ ಪುಟದ ಮೂಲೆ ಮಡಿಸಿದೆ. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬರುವ ಭಾಗ. ಅಂಚಿನಲ್ಲಿ ಪೆನ್ಸಿಲಿನ ಉದ್ದ ಗೆರೆ ಇದೆ, ಕೊನೆಯ ಪುಟದ ಅಕ್ಷರದಷ್ಟೇ ಒತ್ತು. ಅಲ್ಲಿ ಓದು ನಿಲ್ಲಿಸಿದವರು ನೀವೇ ಇರಬೇಕು ಎಂದು ನನಗನ್ನಿಸುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ವಾಪಸು ಬಂದಿದ್ದರೇ? ಅವರು ಈಗ ಎಲ್ಲಿದ್ದಾರೆ?

ಮಂಗಳವಾರ ಪುಸ್ತಕ ಹಿಂದಿರುಗಿಸುತ್ತೇನೆ. ನಿಮ್ಮ ಸಾಲು ಅಳಿಸಿಲ್ಲ, ಮಡಿಸಿದ ಮೂಲೆಯನ್ನೂ ಬಿಡಿಸಿಲ್ಲ.

ಇಂತಿ,
ಅದೇ ಪ್ರತಿಯ ಇನ್ನೊಬ್ಬ ಓದುಗಿ